ಕಾದು ತೆಗೆದ ಐದು, ಕಾಯದೆ ತೆಗೆದ ಮೂರು

ಹೋದ ತಿಂಗಳು ಕೆ.ಆರ್. ಪೇಟೆಯಿಂದ ಒಬ್ಬ ಹೆಣ್ಣುಮಗಳು ಗಂಜಾಂನ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೆಸರು ಶ್ವೇತಾ. ಮದುವೆ, ನಾಮಕರಣಗಳ ಫೋಟೊ ತೆಗೆಯುವುದು ಅವಳ ಕಸುಬು. ದಿನಕ್ಕೆ ಸಾವಿರಾರು ಚಿತ್ರ ತೆಗೆದು ತೆಗೆದು ಸಾಕಾಗಿ, ಮೈಸೂರಿನ ಹಳೇ ಸಾಮಾನಿನ ಅಂಗಡಿಯೊಂದರಿಂದ ಮರದ ದೊಡ್ಡ ಕ್ಯಾಮೆರಾ ಕೊಂಡಿದ್ದಳು. ಜೊತೆಯಲ್ಲಿ ಚಪ್ಪಟೆ ಡಬ್ಬದಂಥ ಒಂದು ಸಾಧನವೂ ಬಂದಿತ್ತು. ಅದನ್ನು ಎಲ್ಲಿ ಸಿಕ್ಕಿಸಬೇಕು, ಯಾಕೆ ಸಿಕ್ಕಿಸಬೇಕು ಎಂದು ಹೇಳುವವರು ಅವಳಿಗೆ ಯಾರೂ ಸಿಕ್ಕಿರಲಿಲ್ಲ. ನೋಡಿದ ಕೂಡಲೇ ಗುರುತು ಹಿಡಿದೆ. ರೋಲ್ ಬ್ಯಾಕ್. ಮುಚ್ಚಳ ತೆಗೆದು ಒಳಗಿನ ಉರುಳೆಗಳನ್ನು ಬೆರಳಿನಿಂದ ತಿರುಗಿಸಿದೆ. ಸಲೀಸಾಗಿ ತಿರುಗಿದವು.

ಅವತ್ತು ಸಂಜೆಯವರೆಗೂ ಅವಳು ಕೇಳುತ್ತಲೇ ಇದ್ದಳು, ನಾನು ಹೇಳುತ್ತಲೇ ಇದ್ದೆ. ಅವಳು ಹೋದ ಮೇಲೆ, ಹೇಳಬೇಕಾಗಿದ್ದ ಮುಖ್ಯವಾದದ್ದೇ ಬಿಟ್ಟುಹೋಯಿತು ಅನ್ನಿಸಿತು. ಅದನ್ನು ಬರೆದಿಡೋಣ ಎಂದು ಕೂತಿದ್ದೇನೆ. ನಾನು ಕೆಲಸ ಮಾಡಿದ ಕಚೇರಿಯ ಹೆಸರು ಬೇಡ. ಹಳೆಯ ದೇವಸ್ಥಾನ, ಶಾಸನ, ವೀರಗಲ್ಲುಗಳ ಚಿತ್ರ ತೆಗೆದು ದಾಖಲೆ ಮಾಡುವುದು ಅದರ ಕೆಲಸ. ನಮ್ಮ ಪಾಲಿಗೆ ಬಂದಿದ್ದವು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕು. ಡಾರ್ಕ್ ರೂಮಿನ ಸಹಾಯಕಿಯಾಗಿ ಸೇರಿದವಳು ಫೋಟೊಗ್ರಾಫರ್ ಆಗಿ ನಿವೃತ್ತಳಾದೆ. ನಡುವೆ ಬಂದ ಬಡ್ತಿಗಳ ಕಥೆಯಲ್ಲಿ ಸ್ವಾರಸ್ಯವಿಲ್ಲ, ಅದನ್ನು ಬಿಡುತ್ತೇನೆ.

ನಮ್ಮ ತಂದೆ ಅಕ್ಕಸಾಲಿ. ಗಂಜಾಂನ ಮನೆಯ ಮುಂದಿನ ಕೋಣೆಯಲ್ಲಿ ಅವರ ಕುಲುಮೆ, ಚಿಮುಟ, ಅರಗಳು ಇದ್ದವು. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಬೆಲೆ ಇದೆ ಎಂಬುದನ್ನು ಅಲ್ಲಿ ಕೂತು ನೋಡಿಯೇ ಕಲಿತಿದ್ದೆ. ಕ್ಯಾಮೆರಾ ಕೆಲಸಕ್ಕೆ ನನಗೆ ಒದಗಿಬಂದ ವಿದ್ಯೆ ಅದೊಂದೇ. ಉಳಿದದ್ದೆಲ್ಲ ತಪ್ಪು ಮಾಡಿ ಕಲಿತದ್ದು.

ಆ ಕಾಲದ ದೊಡ್ಡ ಕ್ಯಾಮೆರಾ ಎಂದರೆ ಹೀಗೆ. ಮುಂದೊಂದು ಹಲಗೆಯಲ್ಲಿ ಲೆನ್ಸು, ಹಿಂದೊಂದು ಚೌಕಟ್ಟಿನಲ್ಲಿ ಮಸುಕು ಗಾಜು, ಎರಡರ ನಡುವೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯ ಕಪ್ಪು ತೊಗಲು. ಕಪ್ಪು ಬಟ್ಟೆ ಹೊದ್ದು ಗಾಜು ನೋಡಿದರೆ ಎದುರಿನ ದೇವಸ್ಥಾನ ತಲೆಕೆಳಗಾಗಿ ಕಾಣುತ್ತದೆ. ಅದು ಚೊಕ್ಕವಾಗಿ ಕಾಣುವವರೆಗೆ ಲೆನ್ಸನ್ನು ಹಿಂದೆ ಮುಂದೆ ಸರಿಸುವುದು. ಆಮೇಲೆ ಗಾಜಿನ ಜಾಗದಲ್ಲಿ ಫಿಲ್ಮು ಇಟ್ಟು ಚಿತ್ರ ತೆಗೆಯುವುದು. ಮೊದಮೊದಲು ನಾವು ಬಳಸುತ್ತಿದ್ದದ್ದು ಅಂಗೈಯಗಲದ ಬಿಡಿ ಬಿಡಿ ಫಿಲ್ಮಿನ ಹಾಳೆ. ಕತ್ತಲೆಯಲ್ಲಿ ಒಂದೊಂದನ್ನೂ ತಡವಿಕೊಂಡು ಚೌಕಟ್ಟಿಗೆ ಸೇರಿಸಬೇಕು. ಒಂದು ಚೌಕಟ್ಟಿಗೆ ಎರಡೇ ಹಾಳೆ, ಹನ್ನೆರಡು ಚಿತ್ರಕ್ಕೆ ಆರು ಚೌಕಟ್ಟು ಹೊರಬೇಕು. ಒಂದು ಕಾಲಕ್ಕೆ ಆ ಹಾಳೆಗಳು ಬರುವುದೇ ಅಪರೂಪವಾಯಿತು. ಬಂದ ಪೆಟ್ಟಿಗೆಯೂ ಕೆಲವು ಸಲ ಬಿಸಿಲಿಗೆ ಬೆಂದು, ತೊಳೆದಾಗ ಬರೀ ಬೂದು ಕಾಣಿಸುತ್ತಿತ್ತು.

ಆಗ ನಮ್ಮ ಮುಖ್ಯಸ್ಥರಾದ ವೆಂಕಟರಮಣಯ್ಯನವರು ಎಲ್ಲಿಂದಲೋ ಎರಡು ಹಳೆಯ ರೋಲ್ ಬ್ಯಾಕ್ ತರಿಸಿದರು. ಮಾಮೂಲಿ ಅಂಗಡಿಗಳಲ್ಲಿ ಸಿಗುವ ಸುರುಳಿ ಫಿಲ್ಮನ್ನೇ ಅದರೊಳಗೆ ಹಾಕಿ, ದೊಡ್ಡ ಕ್ಯಾಮೆರಾದ ಬೆನ್ನಿಗೆ ಕೂರಿಸಬಹುದು. ಒಂದು ಸುರುಳಿಗೆ ಎಂಟು ಚಿತ್ರ. ನೆಗೆಟಿವ್ ಚಿಕ್ಕದಾದರೂ ದೊಡ್ಡ ಕ್ಯಾಮೆರಾದ ಅನುಕೂಲವೆಲ್ಲ ಉಳಿಯುತ್ತದೆ. ಲೆನ್ಸನ್ನು ಮೇಲೆತ್ತಿ ಗೋಪುರವನ್ನು ನೆಟ್ಟಗೆ ನಿಲ್ಲಿಸಬಹುದು, ಓರೆ ಮಾಡಿ ನೆಲದಿಂದ ಚಾವಣಿಯವರೆಗೆ ಚೊಕ್ಕವಾಗಿ ಹಿಡಿಯಬಹುದು. ವೆಂಕಟರಮಣಯ್ಯನವರು ಮಾತು ಕಡಿಮೆಯ, ಹೊಗಳಿಕೆ ಇನ್ನೂ ಕಡಿಮೆಯ ಮನುಷ್ಯ. ಎರಡೂ ಡಬ್ಬಗಳನ್ನು ನನ್ನ ಮೇಜಿನ ಮೇಲಿಟ್ಟು, ಇವು ಕೂರುವ ಹಾಗೆ ಮಾಡಿ ಎಂದಷ್ಟೇ ಹೇಳಿ ಹೋದರು.

ಅವು ಕೂರಲಿಲ್ಲ. ನಮ್ಮದು ಇಲ್ಲಿನ ಬಡಗಿಗಳು ತೇಗದಲ್ಲಿ ಮಾಡಿದ ಕ್ಯಾಮೆರಾ, ಡಬ್ಬ ಹೊರದೇಶದ್ದು. ನಡುವೆ ಒಂದು ಲೋಹದ ತಗಡು ಬೇಕಿತ್ತು. ತಗಡಿನ ಒಂದು ಮುಖ ಕ್ಯಾಮೆರಾಕ್ಕೆ ಒಪ್ಪಬೇಕು, ಇನ್ನೊಂದು ಡಬ್ಬಕ್ಕೆ.

ನಮ್ಮ ಜೀಪಿನ ಚಾಲಕ ಪಾಂಡವಪುರದ ಬೋರೇಗೌಡರು. ಅವರೇ ದಾರಿ ತೋರಿಸಿದರು. ನಾಗಮಂಗಲದಲ್ಲಿ ಕಂಚಿನ ದೀಪ, ವಿಗ್ರಹ ಎರಕ ಹೊಯ್ಯುವ ಪುಟ್ಟಾಚಾರಿ ಎಂಬವರಿದ್ದಾರೆ, ಅವರ ಕೈಯಲ್ಲಿ ಆಗದ್ದು ಯಾರ ಕೈಯಲ್ಲೂ ಆಗುವುದಿಲ್ಲ ಎಂದರು. ಹೋದೆವು. ಪುಟ್ಟಾಚಾರಿ ಅರವತ್ತರ ಹತ್ತಿರದ ಸಣ್ಣ ಆಳು, ಹುಬ್ಬಿನ ಮೇಲೆಲ್ಲ ಮಸಿ. ನಾನು ತಗಡಿನ ಅಳತೆ ಹೇಳಹೊರಟರೆ ಅವರು ಕೇಳಿಸಿಕೊಳ್ಳಲೇ ಇಲ್ಲ. ಮೊದಲು ಈ ಯಂತ್ರ ಏನು ಮಾಡುತ್ತದೆ ತೋರಿಸಿ ಎಂದರು. ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿ, ಜಗಲಿಯ ಮೇಲೆ ಅವರ ಹೆಂಡತಿಯನ್ನು ನಿಲ್ಲಿಸಿ, ಪುಟ್ಟಾಚಾರಿಗೆ ಕಪ್ಪು ಬಟ್ಟೆ ಹೊದಿಸಿದೆ. ಬಹಳ ಹೊತ್ತು ಒಳಗೇ ಇದ್ದರು. ಆಮೇಲೆ ಬಟ್ಟೆಯೊಳಗಿಂದಲೇ ಮಾತು ಬಂತು.

"ತಲೆಕೆಳಗಾಗಿ ನಿಂತವ್ಳೆ ಕಣವ್ವ. ಆದ್ರೂ ಸೆರಗು ಜಾರಿಲ್ಲ."

ಹೊರಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಗಾಜಿನ ಮೇಲೆ ಚಿತ್ರ ಬೀಳುವ ಜಾಗ ಯಾವುದೋ, ಫಿಲ್ಮು ಕರಾರುವಾಕ್ಕಾಗಿ ಅದೇ ಜಾಗದಲ್ಲಿ ಇರಬೇಕು, ಅಲ್ಲವೇ? ಅಷ್ಟೇ ಎಂದೆ. ಅಷ್ಟು ತಿಳಿದರೆ ಸಾಕು ಎಂದರು. ಕಡ್ಡಿಪೊರಕೆಯಿಂದ ಒಂದು ಕಡ್ಡಿ ಮುರಿದು, ಕ್ಯಾಮೆರಾದ ಹಿಂದಿನ ಚೌಕಟ್ಟಿನ ಮೇಲೆ ಅಡ್ಡಪಟ್ಟಿ ಇಟ್ಟು, ಅಲ್ಲಿಂದ ಗಾಜಿನವರೆಗೆ ಕಡ್ಡಿ ಇಳಿಸಿ ಉಗುರಿನಿಂದ ಗುರುತು ಮಾಡಿಕೊಂಡರು. ಡಬ್ಬದೊಳಗೆ ಫಿಲ್ಮಿನವರೆಗೂ ಹಾಗೆಯೇ ಮಾಡಿದರು. ಎರಡು ಗುರುತಿನ ನಡುವಿನ ಅಂತರವೇ ತಗಡಿನ ಲೆಕ್ಕ. ಹದಿನೈದು ದಿನದಲ್ಲಿ ಹಿತ್ತಾಳೆಯ ತಗಡು ಸಿದ್ಧವಾಯಿತು. ಬೆಳಕು ನುಸುಳದಂತೆ ಅದರ ಅಂಚಿಗೆ ನಾನೇ ಕಪ್ಪು ಮಖಮಲ್ಲಿನ ಪಟ್ಟಿ ಅಂಟಿಸಿದೆ.

ಅಲ್ಲೇ ನನ್ನ ಮೊದಲ ತಪ್ಪಾಯಿತು. ನಾಗಮಂಗಲದ ದೇವಸ್ಥಾನದ ಕಂಬಸಾಲಿನಲ್ಲಿ ಮೂರನೆಯ ಕಂಬಕ್ಕೆ ಫೋಕಸ್ ಮಾಡಿ ತೆಗೆದೆ. ಪ್ರಿಂಟಿನಲ್ಲಿ ಚೊಕ್ಕವಾಗಿ ಬಂದದ್ದು ಎರಡನೆಯ ಕಂಬ. ಇನ್ನೊಮ್ಮೆ ತೆಗೆದೆ. ಮತ್ತೆ ಎರಡನೆಯದೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಮಖಮಲ್ಲಿನ ದಪ್ಪವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದರಿಂದ ಫಿಲ್ಮು ಗಾಜಿಗಿಂತ ಎಳೆಯಷ್ಟು ಹಿಂದೆ ಕೂತಿತ್ತು. ಫಿಲ್ಮು ಹಿಂದೆ ಸರಿದರೆ ಫೋಕಸ್ಸು ಹತ್ತಿರದ ವಸ್ತುವಿಗೆ ಬರುತ್ತದೆ. ಅಪ್ಪನ ಅರ ತೆಗೆದುಕೊಂಡು ಮಖಮಲ್ಲು ಕೂರುವಷ್ಟು ಕಾಲುವೆ ಕೊರೆದೆ. ಮೂರನೆಯ ಕಂಬ ಮೂಡಿತು.

ಎರಡನೆಯ ತಪ್ಪಿನ ಕಥೆ ಶ್ರೀರಂಗಪಟ್ಟಣದ್ದು. ಸುರುಳಿ ಫಿಲ್ಮಿಗೆ ಹಿಂದೆ ಒಂದು ಕಾಗದ ಅಂಟಿಕೊಂಡಿರುತ್ತದೆ, ಅದರ ಮೇಲೆ ಅಂಕಿಗಳು. ಡಬ್ಬದ ಬೆನ್ನಿನಲ್ಲಿ ಗುಂಡಿಯಷ್ಟು ಕೆಂಪು ಕಿಟಕಿ. ಅದರಲ್ಲಿ ಅಂಕಿ ಕಾಣುವವರೆಗೆ ತಿರುಗಿಸಿದರೆ ಮುಂದಿನ ಚಿತ್ರಕ್ಕೆ ಫಿಲ್ಮು ಸಿದ್ಧ. ಆದರೆ ಕಾಗದದ ಮೇಲೆ ಮೂರು ಅಳತೆಯ ಚಿತ್ರಕ್ಕೆ ಮೂರು ಸಾಲು ಅಂಕಿಗಳಿರುತ್ತವೆ. ಕಿಟಕಿಯನ್ನು ಓರೆಯಾಗಿ ನೋಡಿ ನಾನು ಪಕ್ಕದ ಸಾಲನ್ನು ಓದಿದೆ. ಹೊಳೆದಂಡೆಯ ಮಂಟಪ, ಕೋಟೆ ಬಾಗಿಲು, ಒಂದು ನಂದಿ, ಎಲ್ಲವೂ ಒಂದರ ಮೇಲೊಂದು ಏರಿ ಕೂತವು. ನಂದಿಯ ಬೆನ್ನಿನ ಮೇಲೆ ಕೋಟೆ ಬಾಗಿಲು ತೆರೆದುಕೊಂಡಿತ್ತು. ವೆಂಕಟರಮಣಯ್ಯನವರು ಆ ನೆಗೆಟಿವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದು ಯಾವ ಶತಮಾನದ್ದು?" ಎಂದು ಕೇಳಿದರು. ಅವರು ತಮಾಷೆ ಮಾಡಿದ್ದು ನನಗೆ ತಿಳಿದಂತೆ ಅದೊಂದೇ ಸಲ.

ಕರಿಘಟ್ಟದ ಮೆಟ್ಟಿಲುಗಳನ್ನೆಲ್ಲ ಹತ್ತಿ, ಫಿಲ್ಮಿಗೆ ಅಡ್ಡವಾಗಿರುವ ಡಾರ್ಕ್ ಸ್ಲೈಡ್ ಎಂಬ ತಗಡನ್ನು ಎಳೆಯದೆಯೇ ಎಂಟು ಚಿತ್ರ ತೆಗೆದು ಬಂದದ್ದೂ ಉಂಟು. ಇನ್ನೊಮ್ಮೆ ಅದನ್ನು ವಾಪಸ್ ಹಾಕದೆ ಡಬ್ಬ ಬಿಚ್ಚಿ, ಮಧ್ಯಾಹ್ನದ ಬಿಸಿಲನ್ನು ಫಿಲ್ಮಿಗೆ ಕುಡಿಸಿದೆ. ಇವೆಲ್ಲ ನಿಮಗೂ ಆಗುತ್ತವೆ. ಆಗಲಿ. ಒಂದೊಂದು ತಪ್ಪೂ ಎರಡನೆಯ ಸಲಕ್ಕೆ ಆಗುವುದಿಲ್ಲ. ಆದರೆ ತಪ್ಪೇ ಅಲ್ಲ, ಸರಿಯಾದದ್ದನ್ನೇ ಮಾಡುತ್ತಿದ್ದೇನೆ ಅಂದುಕೊಂಡು ಮಾಡಿದ ಒಂದು ಕೆಲಸವಿದೆ. ಶ್ವೇತಾಳಿಗೆ ಹೇಳಲು ಬಿಟ್ಟುಹೋದದ್ದು ಅದು.

ಕೆ.ಆರ್. ಪೇಟೆಯ ಆಚೆ ಒಂದು ಹಳ್ಳಿಯ ಕೆರೆ. ಏರಿ ದುರಸ್ತಿ ನಡೆಯುತ್ತಿತ್ತು. ಹಳೆಯ ತೂಬಿನ ಪಕ್ಕದಲ್ಲಿ ಹೂಳು ತೆಗೆಯುವಾಗ, ಅರ್ಧ ಹೂತಿದ್ದ ಕಲ್ಲೊಂದರ ಮೇಲೆ ಅಕ್ಷರ ಕಾಣಿಸಿಕೊಂಡಿತು. ಮರುದಿನ ಬೆಳಿಗ್ಗೆ ಯಂತ್ರ ತಂದು ಕಲ್ಲನ್ನು ಎತ್ತಿ ದಂಡೆಗೆ ಇಡುತ್ತಾರೆ, ಅಷ್ಟರೊಳಗೆ ಇದ್ದಲ್ಲೇ ಚಿತ್ರ ತೆಗೆದುಕೊಳ್ಳಿ ಎಂದು ನಮಗೆ ಸುದ್ದಿ ಬಂತು. ಹಾಳೆ ಫಿಲ್ಮು ಒಂದೂ ಇರಲಿಲ್ಲ. ರೋಲ್ ಬ್ಯಾಕು, ಒಂದೇ ಒಂದು ಸುರುಳಿ ತೆಗೆದುಕೊಂಡು ಹೊರಟೆವು. ಜೊತೆಗೆ ಶಾಸನ ಓದುವ ಸಂಪತ್ಕುಮಾರಾಚಾರ್ಯರು. ಅವರು ಮೇಲುಕೋಟೆಯವರು, ಸಂಸ್ಕೃತ, ಹಳಗನ್ನಡ ಎರಡರಲ್ಲೂ ದೊಡ್ಡ ಪಂಡಿತರು. ಕಾಣದ ಅಕ್ಷರವನ್ನು ಊಹಿಸಿ ಬರೆಯುವುದು ಅವರ ಪಾಲಿಗೆ ಕಳ್ಳತನಕ್ಕೆ ಸಮ.

ನಾವು ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಕಲ್ಲು ಎದೆಯೆತ್ತರ, ಅಕ್ಷರಗಳು ನೀರಿಗೆ ಸವೆದು ಬರೀ ನೆರಳಿನಷ್ಟು ಉಳಿದಿದ್ದವು. ಇಂಥ ಅಕ್ಷರ ಕಾಣಬೇಕಾದರೆ ಬೆಳಕು ಪಕ್ಕದಿಂದ ಕಲ್ಲನ್ನು ಸವರಿಕೊಂಡು ಹೋಗಬೇಕು. ಆದರೆ ಆಗಿನ ಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತಿತ್ತು. ಬೋರೇಗೌಡರು ಒಂದು ದುಪ್ಪಟಿ ಹಿಡಿದು ಕಲ್ಲಿಗೆ ನೆರಳು ಮಾಡಿದರು. ಪಕ್ಕದಿಂದ ಬಿಸಿಲನ್ನು ತಿರುಗಿಸಿ ಬಿಡಲು ಕನ್ನಡಿ ಬೇಕಿತ್ತು. ನಮ್ಮ ಕನ್ನಡಿ ಜೀಪಿನ ಕುಲುಕಾಟಕ್ಕೆ ಒಡೆದಿತ್ತು. ಕೆರೆ ಕೆಳಗಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಸಣ್ಣಮ್ಮ ಎಂಬಾಕೆ ಇದನ್ನೆಲ್ಲ ನೋಡುತ್ತಿದ್ದವರು, ಮನೆಗೆ ಹೋಗಿ ಗೋಡೆಯ ಮೇಲಿದ್ದ ಕನ್ನಡಿಯನ್ನೇ ಇಳಿಸಿಕೊಂಡು ಬಂದರು. ಹೇಗೆ ಹಿಡಿಯಬೇಕೆಂದು ಒಮ್ಮೆ ತೋರಿಸಿದೆ. ಮರುಕ್ಷಣ ಕಲ್ಲಿನ ಮೇಲೆ ಸಾಲುಗಳು ಎದ್ದು ನಿಂತವು. ಸಣ್ಣಮ್ಮನ ಕೈ ಹಾಗೇ ನಿಂತುಬಿಟ್ಟಿತು.

"ದಿನಾ ಇದ್ರ ಪಕ್ಕದಾಗೆ ಬಟ್ಟೆ ಒಗ್ದಿವ್ನಿ," ಎಂದರು. "ಇದ್ರಾಗೆ ಬರವು ಐತೆ ಅಂತ ಯಾರ್ ಕಂಡಿದ್ರು."

ಆಚಾರ್ಯರು ಮೊಣಕಾಲೂರಿ ಕಲ್ಲಿನ ಮುಂದೆ ಕೂತರು. ಅಷ್ಟರಲ್ಲಿ ಮೋಡ ಬರಲು ಶುರುವಾಯಿತು. ಬಿಸಿಲು ಒಂದು ಗಳಿಗೆ ಬಂದರೆ ಎರಡು ಗಳಿಗೆ ಇರುತ್ತಿರಲಿಲ್ಲ. ಕಣ್ಣಿನಲ್ಲಿ ಓದುವುದಕ್ಕಿಂತ ಚಿತ್ರ ತೆಗೆಯುವುದು ಮುಖ್ಯ ಎಂದು ಆಚಾರ್ಯರು ಎದ್ದು ನನಗೆ ಜಾಗ ಬಿಟ್ಟರು. ಹಿಡಿದ ಕನ್ನಡಿ ಅಲುಗುತ್ತದೆ, ನೆರಳು ಸರಿಯುತ್ತದೆ. ಹಾಗಾಗಿ ಫಿಲ್ಮಿಗೆ ಹೆಚ್ಚು ಹೊತ್ತು ಬೆಳಕು ಕೊಡುವ ಹಾಗಿರಲಿಲ್ಲ. ಲೆನ್ಸಿನ ಬಾಯಿಯನ್ನು ಸಾಕಷ್ಟು ಅಗಲ ತೆರೆದೆ. ಫಿಲ್ಮು ತಿರುಗಿಸಿ ಸಿದ್ಧವಾಗಿಟ್ಟುಕೊಂಡು, ಬಿಸಿಲಿಗಾಗಿ ಕಾದು, ಅದು ಬಂದ ಕೂಡಲೇ ತೆಗೆಯುವುದು. ಹಾಗೆ ಐದು ಚಿತ್ರ ತೆಗೆದೆ. ಮೋಡ ಬಿಡುವುದೇ ಇಲ್ಲವೇನೋ ಎಂಬ ಹೆದರಿಕೆ ಬಂದಾಗ, ಏನಾದರಾಗಲಿ ಎಂದು ಫಿಲ್ಮು ತಿರುಗಿಸಿದ ಕೂಡಲೇ ಮಬ್ಬು ಬೆಳಕಿನಲ್ಲೇ ಮೂರು ತೆಗೆದೆ. ಹೊತ್ತು, ಮೋಡ, ಬಿಸಿಲು ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಅದು ವೆಂಕಟರಮಣಯ್ಯನವರು ಹಾಕಿಕೊಟ್ಟ ಕಟ್ಟುನಿಟ್ಟು.

ಮರುದಿನ ಕಲ್ಲನ್ನು ಎತ್ತುವಾಗ ಸರಪಳಿ ಜಾರಿತು. ಕಲ್ಲು ದೊಡ್ಡದಾಗಿ ಒಡೆಯಲಿಲ್ಲ. ಆದರೆ ಬಲಗಡೆಯ ಕೆಳಮೂಲೆಯ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಎದ್ದುಹೋಯಿತು. ಅದಕ್ಕೇನಂತೆ, ಚಿತ್ರ ಇದೆಯಲ್ಲ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು.

ನಾನು ಪ್ರಿಂಟು ಹಾಕಿದೆ. ಬಿಸಿಲಿನ ಐದು ಚಿತ್ರಗಳಲ್ಲಿ ಶಾಸನ ಬಹಳ ಚೆನ್ನಾಗಿ ಬಂದಿತ್ತು. ಬಲ ಅಂಚನ್ನು ಬಿಟ್ಟು. ಐದರಲ್ಲೂ ಬಲ ಅಂಚು ಹಬೆಯ ಹಿಂದೆ ನಿಂತಂತೆ ಮಸುಕಾಗಿತ್ತು. ಮೋಡದಲ್ಲಿ ತೆಗೆದ ಮೂರರಲ್ಲಿ ಅಕ್ಷರಗಳೇ ಕಾಣುವುದಿಲ್ಲ ಎಂದು ಅವನ್ನು ಬದಿಗೆ ಎಸೆದಿದ್ದೆ. ಆಚಾರ್ಯರು ದಿನಗಟ್ಟಲೆ ಭೂತಗನ್ನಡಿ ಹಿಡಿದು ಕೂತರು. ಹೊಯ್ಸಳರ ಕಾಲದ ಬರಹ. ತೂಬು ಕಟ್ಟಿಸಿದವರ ಹೆಸರು ಕೊನೆಯ ಸಾಲಿನಲ್ಲಿ ಬರುತ್ತದೆ. ಕಂಚುಗಾರ ಬಮ್ಮೋಜನ ಮಗ ಎಂಬಲ್ಲಿಯವರೆಗೆ ಓದಲು ಬರುತ್ತಿತ್ತು. ಅಲ್ಲಿಂದ ಮುಂದೆ ಮಸುಕು. ಕಲ್ಲಿನಲ್ಲಿ ಆ ಮೂಲೆಯೇ ಇರಲಿಲ್ಲ.

ವರದಿ ಅಚ್ಚಿಗೆ ಹೋಗುವ ಸಮಯ. ಬಮ್ಮೋಜನ ಮಗ ಕಟ್ಟಿಸಿದ್ದು, ಹೆಸರು ಅಳಿಸಿದೆ ಎಂದು ಹಾಕಿಬಿಡೋಣ ಎಂದರು ವೆಂಕಟರಮಣಯ್ಯನವರು. ಆಚಾರ್ಯರು ಒಪ್ಪಲಿಲ್ಲ. ಗಕಾರದ ಆಚೆ ಏನಿದೆಯೋ ಕಾಣದೆ ಮಗ ಎಂದು ಹೇಗೆ ಬರೆಯುವುದು ಎಂದು ಕೇಳಿದರು. ವೆಂಕಟರಮಣಯ್ಯನವರು ನನ್ನ ಕಡೆ ತಿರುಗಿ, ದೀಪ ಮಾಡುವವರ ಕೈಯಲ್ಲಿ ಕ್ಯಾಮೆರಾ ತಗಡು ಮಾಡಿಸಿದರೆ ಹೀಗೇ ಆಗುವುದು, ಒಂದು ಕಡೆ ಓರೆಯಾಗಿದೆ, ಅದನ್ನು ತೆಗೆದು ಬಿಸಾಡಿ, ನಡೆದದ್ದನ್ನು ಬರೆದು ಕೊಡಿ ಎಂದರು. ನನ್ನನ್ನು ಅಂದದ್ದಕ್ಕಿಂತ ಪುಟ್ಟಾಚಾರಿಯನ್ನು ಅಂದದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಆದರೂ ಒಳಗೊಳಗೆ ಅನುಮಾನ ಹುಟ್ಟಿತು. ಓರೆಯಿರಬಹುದೇ?

ತಗಡು, ಎಂಟೂ ಪ್ರಿಂಟು ಹಿಡಿದು ಮತ್ತೆ ನಾಗಮಂಗಲಕ್ಕೆ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಪುಟ್ಟಾಚಾರಿ ಪೂರ್ತಿ ಕೇಳಿಸಿಕೊಂಡರು. ಮುಖ ಸಪ್ಪಗಾಯಿತು. ಒಂದು ಗಾಜಿನ ಹಲಗೆಯನ್ನು ದೀಪದ ಹೊಗೆಗೆ ಹಿಡಿದು ತೆಳ್ಳಗೆ ಮಸಿ ಹಿಡಿಸಿದರು. ತಗಡನ್ನು ಅದರ ಮೇಲೆ ಮೆಲ್ಲಗೆ ಒತ್ತಿ ಎತ್ತಿದರು. ಓರೆಯಿದ್ದರೆ ತಗ್ಗಿರುವ ಕಡೆ ಮಸಿ ಹತ್ತುವುದಿಲ್ಲ. ನಾಲ್ಕೂ ಅಂಚಿಗೆ ಒಂದೇ ಸಮ ಹತ್ತಿತ್ತು. ತಿರುಗಿಸಿ ಇನ್ನೊಂದು ಮುಖ ಒತ್ತಿದರು. ಅದೂ ಸಮ. ಆಮೇಲೆ ದಪ್ಪವನ್ನು ನಾಲ್ಕು ಮೂಲೆಗಳಲ್ಲೂ ಅಳೆದರು. ಅದೂ ಸಮ. ಆಮೇಲೆಯೇ ಪ್ರಿಂಟುಗಳನ್ನು ಕೈಗೆ ತೆಗೆದುಕೊಂಡದ್ದು. ಎಂಟನ್ನೂ ಅಂಗಳದಲ್ಲಿ ಸಾಲಾಗಿ ಹರಡಿ, ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ನೋಡಿದರು. ಕೊನೆಗೆ ನಾನು ಎಸೆದಿದ್ದ ಮೂರನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರು.

"ನನ್ ಕೈ ತಪ್ಪಿದ್ರೆ ಎಂಟೂ ಕೆಡಬೇಕಾಗಿತ್ತು ಕಣವ್ವ. ಈ ಮೂರು ಯಾಕೆ ನೆಟ್ಟಗವೆ?"

ನಾನು ಬಗ್ಗಿ ನೋಡಿದೆ. ಮಬ್ಬು ಬೆಳಕು, ಅಕ್ಷರ ಕಾಣುವುದಿಲ್ಲ ಎಂದು ನಾನು ಗಮನಿಸಿಯೇ ಇರಲಿಲ್ಲ. ಆದರೆ ಕಲ್ಲಿನ ಬಲ ಅಂಚಿನ ಮರಳಿನ ಕಣ, ಅಲ್ಲಿ ಅಂಟಿದ್ದ ಒಂದು ಬಸವನಹುಳು, ಎಲ್ಲವೂ ಸೂಜಿಯಷ್ಟು ಚೊಕ್ಕವಾಗಿದ್ದವು. ಅದೇ ಕ್ಯಾಮೆರಾ, ಅದೇ ತಗಡು, ಅದೇ ಫಿಲ್ಮು, ಅದೇ ಮಧ್ಯಾಹ್ನ. ಐದು ಕೆಟ್ಟು ಮೂರು ಸರಿಯಾಗಿವೆ. ಬೇಸರ, ಅವಮಾನ ಎಲ್ಲ ಎಲ್ಲೋ ಹೋಗಿ, ಈಗ ನನಗೆ ಇದರ ಕಾರಣ ತಿಳಿಯಲೇಬೇಕು ಅನ್ನಿಸಿತು. ವಾಪಸ್ ಬರುವಾಗ ಜೀಪಿನಲ್ಲಿ ನೋಟ್ ಪುಸ್ತಕ ತೆರೆದೆ. ಕೆಟ್ಟ ಐದರ ಮುಂದೆಯೂ ಬರೆದಿದ್ದೆ: ಬಿಸಿಲಿಗೆ ಕಾದದ್ದು ಹತ್ತು ನಿಮಿಷ, ಹದಿನೈದು ನಿಮಿಷ, ಇಪ್ಪತ್ತು ನಿಮಿಷ. ಸರಿಯಾದ ಮೂರರ ಮುಂದೆ ಇದ್ದದ್ದು: ತಿರುಗಿಸಿದ ಕೂಡಲೇ.

ಬೋರೇಗೌಡರಿಗೆ ಹೇಳಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಬಿಗ್ಯಾಗಿ ಕಟ್ಟಿದ್ ಅಗ್ಗಾನೂ ಒಸಿ ವೊತ್ತಾದ್ರೆ ಜೋಲು ಬೀಳ್ತದಲ್ಲಕ್ಕ," ಎಂದರು.

ಮನೆಯಲ್ಲಿ ಪರೀಕ್ಷೆ ಮಾಡಿದೆ. ಹಿತ್ತಿಲ ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿದೆ. ಒಂದು ಚಿತ್ರ ತಿರುಗಿಸಿದ ಕೂಡಲೇ, ಇನ್ನೊಂದು ಹತ್ತು ನಿಮಿಷ ಕಾದು, ಮತ್ತೊಂದು ಅರ್ಧ ಗಂಟೆ ಕಾದು. ಪಕ್ಕದಲ್ಲಿ ಒದ್ದೆ ಗೋಣಿಚೀಲ ನೇತುಹಾಕಿ ಮತ್ತೆ ಅದೇ. ಸುರುಳಿ ತೊಳೆದು ನೋಡಿದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ. ತಿರುಗಿಸಿದ ಕೂಡಲೇ ಫಿಲ್ಮು ಎರಡು ಉರುಳೆಗಳ ನಡುವೆ ಬಿಗಿಯಾಗಿ ಮಟ್ಟಸವಾಗಿರುತ್ತದೆ. ಬಿಟ್ಟರೆ, ಅದರಲ್ಲೂ ತೇವದ ಗಾಳಿಯಲ್ಲಿ, ಸಡಿಲವಾಗಿ ಒಂದು ಕಡೆ ಉಬ್ಬುತ್ತದೆ. ಉಬ್ಬಿದ ಕಡೆ ಮಸುಕು. ಲೆನ್ಸಿನ ಬಾಯಿ ಕಿರಿದಾಗಿದ್ದರೆ ಇದು ಗೊತ್ತಾಗುವುದಿಲ್ಲ, ಅಗಲ ತೆರೆದರೆ ಹಿಡಿದುಕೊಡುತ್ತದೆ. ಕೆರೆಯ ಬದಿ, ತೇವ, ಕಾಯುವಿಕೆ, ತೆರೆದ ಲೆನ್ಸು, ನಾಲ್ಕೂ ಒಟ್ಟಿಗೆ ಸೇರಿದ್ದವು. ಮೊದಲು ಬಿಸಿಲಿಗೆ ಕಾದು, ಬಂದ ಮೇಲೆ ತಿರುಗಿಸಿ ತೆಗೆದಿದ್ದರೆ ಆಗುತ್ತಿತ್ತು. ನಾನು ತಾಳ್ಮೆಯಿಂದ ಮಾಡಿದ್ದೇನೆ ಎಂದು ಹೆಮ್ಮೆಪಟ್ಟಿದ್ದ ಐದು ಚಿತ್ರಗಳನ್ನು ನನ್ನ ತಾಳ್ಮೆಯೇ ಕೆಡಿಸಿತ್ತು.

ಕಾರಣ ತಿಳಿಯಿತು. ಅಕ್ಷರ ಮಾತ್ರ ಹಾಗೇ ಉಳಿದಿತ್ತು.

ಮೋಡದ ಮೂರು ನೆಗೆಟಿವ್‌ಗಳನ್ನು ಮತ್ತೆ ತೆಗೆದೆ. ಅಂಚು ಚೊಕ್ಕ, ಆದರೆ ಬೆಳಕು ಚಪ್ಪಟೆ. ಕಪ್ಪು ಬಿಳುಪನ್ನು ಬಲವಾಗಿ ಬೇರ್ಪಡಿಸುವ ಗಡಸು ಕಾಗದದ ಮೇಲೆ ಬಲ ಮೂಲೆಯನ್ನು ಮಾತ್ರ ದೊಡ್ಡದು ಮಾಡಿ ಹಾಕಿದೆ. ಮೊದಲ ಪ್ರಯತ್ನ ಬರೀ ಚುಕ್ಕೆ. ಬೆಳಕು ಹೆಚ್ಚು ಕಡಿಮೆ ಮಾಡುತ್ತಾ ಒಂದು ವಾರ ಡಾರ್ಕ್ ರೂಮಿನಲ್ಲೇ ಕಳೆದೆ. ಒಂದು ಬೆಳಿಗ್ಗೆ ತಟ್ಟೆಯ ದ್ರಾವಣದಲ್ಲಿ ತೇಲುತ್ತಿದ್ದ ಕಾಗದದ ಮೇಲೆ, ಚುಕ್ಕೆಗಳ ನಡುವೆ ಒಂದು ಬಾಗು ಕಂಡಿತು. ಅದರ ಪಕ್ಕ ಇನ್ನೊಂದು. ಹಳೆಯ ಲಿಪಿ ನನಗೆ ಓದಲು ಬರುತ್ತಿರಲಿಲ್ಲ. ಆದರೆ ಅದು ಕಲ್ಲಿನ ಒರಟಲ್ಲ, ಉಳಿ ಬಿದ್ದ ಜಾಗ ಎಂಬುದು ಅಕ್ಕಸಾಲಿಯ ಮಗಳಿಗೆ ಗೊತ್ತಾಗದೆ ಇರುತ್ತದೆಯೇ?

ಒದ್ದೆ ಪ್ರಿಂಟನ್ನೇ ಆಚಾರ್ಯರ ಮುಂದೆ ಇಟ್ಟೆ. ಅವರು ಬಿಸಿಲಿನ ಚಿತ್ರ ಒಂದು ಕೈಯಲ್ಲಿ, ಇದು ಇನ್ನೊಂದು ಕೈಯಲ್ಲಿ ಹಿಡಿದು, ಅಲ್ಲಿ ಇಲ್ಲಿ, ಅಲ್ಲಿ ಇಲ್ಲಿ ಎಂದು ನೋಡುತ್ತಾ ಹೋದರು. ಒಂದರಲ್ಲಿ ನೆರಳಿತ್ತು, ಇನ್ನೊಂದರಲ್ಲಿ ಗೆರೆ. ಎರಡೂ ಸೇರಿದರೆ ಅಕ್ಷರ. ಕಾಗದದ ಮೇಲೆ ಒಂದೊಂದಾಗಿ ಬರೆದುಕೊಂಡರು. ಬರೆದದ್ದನ್ನು ಹೊಡೆದುಹಾಕಿ, ಮತ್ತೆ ಮೊದಲಿನಿಂದ ನೋಡಿ, ಮತ್ತೆ ಅದನ್ನೇ ಬರೆದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಗ ಅಲ್ಲಮ್ಮ," ಎಂದರು. "ಮಗಳು. ಕಂಚುಗಾರ ಬಮ್ಮೋಜನ ಮಗಳು ಮಾಳಿಯಕ್ಕ."

 ನಾನು ಅಲ್ಲೇ ನಿಂತಿದ್ದೆ, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಒಬ್ಬಳು ಹೆಂಗಸು ತೂಬು ಕಟ್ಟಿಸಿ ಕಲ್ಲು ನೆಡಿಸಿದ್ದಳು. ಇನ್ನೊಂದು ವಾರ ಕಳೆದಿದ್ದರೆ ಅಚ್ಚಾದ ಪುಸ್ತಕದಲ್ಲಿ ಅವಳು ಹೆಸರಿಲ್ಲದ ಒಬ್ಬ ಗಂಡಸಾಗಿ ಹೋಗುತ್ತಿದ್ದಳು. ಅದಕ್ಕೆ ಕಾರಣ ನಾನಾಗಿರುತ್ತಿದ್ದೆ.

ವೆಂಕಟರಮಣಯ್ಯನವರು ಕೇಳಿದ್ದ ವಿವರಣೆಯನ್ನು ಅವತ್ತೇ ಬರೆದೆ. ತಗಡಿನ ದೋಷವಲ್ಲ, ಫಿಲ್ಮನ್ನು ಮೊದಲೇ ತಿರುಗಿಸಿಟ್ಟ ನನ್ನ ದೋಷ ಎಂದು ಎರಡು ಪುಟ, ಪರೀಕ್ಷೆಯ ಪ್ರಿಂಟುಗಳ ಸಮೇತ. ಅವರು ಓದಿ ತಮ್ಮ ಖಾನೆಯಲ್ಲಿ ಇಟ್ಟುಕೊಂಡರು. ಮುಂದಿನ ವಾರ ಬೋರೇಗೌಡರು ನಗುತ್ತಾ ಬಂದು ಸುದ್ದಿ ಹೇಳಿದರು. ಸಾಹೇಬರು ತಾವೇ ಜೀಪು ಹತ್ತಿ ನಾಗಮಂಗಲಕ್ಕೆ ಹೋಗಿ, ಎರಡನೆಯ ರೋಲ್ ಬ್ಯಾಕಿಗೂ ಒಂದು ತಗಡು ಮಾಡಿಕೊಡಿ ಎಂದು ಪುಟ್ಟಾಚಾರಿಯನ್ನು ಕೇಳಿದ್ದರಂತೆ. ಕ್ಷಮೆ ಕೇಳಿದರೇ ಎಂದೆ. ಬಾಯಲ್ಲಿ ಕೇಳಲಿಲ್ಲ, ಆದರೆ ಅರ್ಧ ದಿನ ಕುಲುಮೆ ಮುಂದೆ ಕೂತಿದ್ದರು ಎಂದರು ಬೋರೇಗೌಡರು.

ನನ್ನ ಎರಡು ಪುಟಗಳನ್ನು ಸಾಹೇಬರು ಟೈಪ್ ಮಾಡಿಸಿ, ಆಮೇಲೆ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ ಕೊಡುತ್ತಿದ್ದರು. ಅದರಲ್ಲಿ ನನ್ನ ಹೆಸರಿರಲಿಲ್ಲ. ದೋಷದ ಜಾಗದಲ್ಲೂ ಇರಲಿಲ್ಲ.

ಬಿಸಿಲಿನ ಚಿತ್ರಕ್ಕೆ ಮೋಡದ ಚಿತ್ರದ ಮೂಲೆ ಸೇರಿಸಿ ಸಣ್ಣಮ್ಮನಿಗೆ ಒಂದು ದೊಡ್ಡ ಪ್ರಿಂಟು ಕೊಡಬೇಕು ಅನ್ನಿಸಿತು. ಚೌಕಟ್ಟು ಹಾಕಿಸಿ ತೆಗೆದುಕೊಂಡು ಹೋದೆ. ಮಾಳಿಯಕ್ಕನ ವಿಷಯ ಹೇಳಿದೆ. ಅವರಿಗೆ ಓದು ಬರುತ್ತಿರಲಿಲ್ಲ. ಹೆಸರು ಎಲ್ಲಿದೆ ತೋರಿಸಿ ಎಂದರು. ಕೆಳಗಿನ ಬಲ ಮೂಲೆ ತೋರಿಸಿದೆ. ಎಷ್ಟು ಅಕ್ಷರ ಎಂದು ಕೇಳಿದರು. ನಾಲ್ಕು ಎಂದೆ.

"ನಾಕು ಅಕ್ಸರಕ್ಕೆ ಮೂರ್ ತಿಂಗ್ಳು ತಕ್ಕಂಡ್ರಾ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಅವಳಿಗೆ ಮಕ್ಕಳಿದ್ದವೇ, ಕಲ್ಲಿನಲ್ಲಿ ಏನಾದರೂ ಬರೆದಿದೆಯೇ ಎಂದು ಕೇಳಿದರು. ಇಲ್ಲ, ಅಷ್ಟೇ ಇರುವುದು ಎಂದೆ. ಹೋಗಲಿ ಬುಡಿ, ನೀರು ಬುಟ್ಟೋಗವ್ಳಲ್ಲ ಎಂದರು.

ಆ ಚಿತ್ರವನ್ನು ಅವರು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಊರಿನ ಹೆಂಗಸರು ಬೆಳಿಗ್ಗೆ ಸಂಜೆ ಹಾಲು ಹಾಕುವ ಡೇರಿಯ ಗೋಡೆಗೆ ಹಾಕಿಸಿದರು. ಎರಡು ವರ್ಷದ ಮೇಲೆ ಬೇರೊಂದು ಕೆಲಸಕ್ಕೆ ಆ ಕಡೆ ಹೋದಾಗ ಒಳಗೆ ಹೋಗಿ ನೋಡಿದೆ. ಚೌಕಟ್ಟಿನ ಗಾಜು ಉಳಿದೆಡೆಯೆಲ್ಲ ಸ್ವಚ್ಛವಾಗಿತ್ತು. ಕೆಳಗಿನ ಬಲ ಮೂಲೆಯಲ್ಲಿ ಮಾತ್ರ ಬೆರಳಿಟ್ಟು ಬೆರಳಿಟ್ಟು ಮಬ್ಬಾಗಿ, ಅಲ್ಲಿನ ಅಕ್ಷರ ಕಾಣುತ್ತಿರಲಿಲ್ಲ. ನಾನು ಸೆರಗಿನ ತುದಿಯಿಂದ ಒರೆಸಲು ಹೋದವಳು, ಯಾಕೋ ಬೇಡವೆನ್ನಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ.